ಗಡಿಗೆಯ ನೀರು

"ಬೆಗ್, ರಿಕ್ವೆಸ್ಟ್, ಡಿಮ್ಯಾಂಡ್. ಮೂರೂ ಕೇಳೋದೇ ಕಣ್ರೋ. ಯಾರು ಯಾರನ್ನ ಹೇಗೆ ಕೇಳ್ತಾರೆ ಅನ್ನೋದ್ರಲ್ಲಿದೆ ವ್ಯತ್ಯಾಸ. ಏಳಯ್ಯಾ ಬೋರಪ್ಪ, ಒಂದೊಂದಕ್ಕೂ ವಾಕ್ಯ ಹೇಳು," ಎಂದರು ಇಂಗ್ಲಿಷ್ ಮೇಷ್ಟ್ರು ಗಂಗಾಧರಯ್ಯ.

ಗೋಡೆಯ ಪಕ್ಕ ಒಂಟಿಯಾಗಿ ಕೂತಿದ್ದ ಬೋರಪ್ಪ ಎದ್ದ. ಹೊಲಗೇರಿಯಿಂದ ಮೆಟ್ರಿಕ್ಕಿನವರೆಗೆ ಬಂದವನು ಅವನೊಬ್ಬನೇ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಮೂಲೆಯ ನೀರಿನ ಗಡಿಗೆಯನ್ನು ಅವನು ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿಂದ ಹುಯ್ದರೆ ಬೊಗಸೆಯೊಡ್ಡಿ ಕುಡಿಯಬೇಕು. ಬೆಳಗಿನಿಂದ ಯಾರೂ ಹುಯ್ದಿರಲಿಲ್ಲ.

"ನೀರಿಗೆ ಬೆಗ್ ಮಾಡ್ದೆ, ಸಾ. ಬೊಗಸೆ ಒಡ್ಡಿ ನಿಂತೇ ಇದ್ದೆ." ಮುಂದಿನ ಬೆಂಚಿನ ಗೌರೀಶಂಕರ ಕಿಸಕ್ಕನೆ ನಕ್ಕ. ಬೋರಪ್ಪ ಅವನನ್ನೇ ನೋಡುತ್ತ ಮುಂದುವರಿಸಿದ: "ಆಮೇಲೆ ರಿಕ್ವೆಸ್ಟ್ ಮಾಡ್ದೆ. 'ಹೊಳೆ ಅಲ್ಲೇ ಅದೆ, ಓಗ್ಲಾ' ಅಂದ ಈ ಗೌರೀಶಂಕರ."

ನಗು ನಿಂತಿತು. "ಮೂರನೇದು?" ಮೇಷ್ಟ್ರ ದನಿ ತಗ್ಗಿತ್ತು.

"ಮೂರೂ ಕೇಳೋದೇ ಅಂದ್ರಲ್ಲ ಸಾ. ಕೇಳಿ ಕೇಳಿ ಸಾಕಾಯ್ತು," ಎನ್ನುತ್ತ ಬೋರಪ್ಪ ಗಡಿಗೆಯತ್ತ ನಡೆದ.

"ಮುಟ್ಬ್ಯಾಡ ಕಣ್ಲಾ!" ಗೌರೀಶಂಕರ ಚೀರಿದ. ಮೇಷ್ಟ್ರು ಬೆತ್ತಕ್ಕೆ ಕೈ ಹಾಕಿದರು. ಬೋರಪ್ಪ ಮುಚ್ಚಳ ತೆಗೆದು, ಲೋಟವನ್ನು ಮುಂಗೈ ಮುಳುಗುವಷ್ಟು ಆಳಕ್ಕೆ ಅದ್ದಿ ತುಂಬಿಕೊಂಡು, ಅವರೆಲ್ಲರ ಎದುರಿಗೇ, ನಿಧಾನವಾಗಿ ಕುಡಿದ.