ಯಾರ ಮನೆ?

ಸೊಸೆ ಜಿಪರಾ ಹೊಸ ಟೆಲಿಫೋನನ್ನು ಎದೆಗೊತ್ತಿಕೊಂಡು ಹೋಗಿ, ಅತಿಥಿಗಳು ಕೂರುವ ಗೌರವದ ಜಾಗದಲ್ಲಿ, ಮಡಿಸಿ ಒಟ್ಟಿದ್ದ ರಜಾಯಿಗಳ ತುದಿಯಲ್ಲಿಟ್ಟು, ಅದರ ಮೇಲೆ ಕಸೂತಿಯ ಬಟ್ಟೆಯೊಂದನ್ನು ಹೊದಿಸಿದಳು.

"ಇಳಿಸು," ಎಂದ ಮಾವ ಬಾಲ್ತಬಾಯ್. "ಅದೇನು ಮದುಮಗಳಾ, ಮುಸುಕು ಹಾಕಿ ಕೂರಿಸೋಕೆ?"

"ಮತ್ತೆಲ್ಲಿಡೋದು ಮಾವ? ಇಡೀ ಬೀದಿಗೆ ಮೊದಲನೇ ಫೋನು. ಬಂದವರ ಕಣ್ಣಿಗೆ ಬೀಳಬೇಡ್ವಾ?"

"ನೆಲಕ್ಕೆ ಬಿದ್ದವರ ಕೈಗೆ ಎಟುಕಬೇಕು. ಬಾಗಿಲ ಹತ್ತಿರ ಇಡು, ಈ ಗಿಡ್ಡ ಪೆಟ್ಟಿಗೆ ಮೇಲೆ."

ಬೆಳಿಗ್ಗೆ ಬಂದ, ಫೋನಿನ ತಂತಿ ಎಳೆಯುವವನು, ಹಿಮ ಬೀಳುವುದರೊಳಗೆ ನರಿನ್ ಹೊಳೆಯಾಚೆ ಇನ್ನೂ ಆರು ಮನೆ ಮುಗಿಸಬೇಕೆಂದು, ಗೋಡೆಗೆ ತಂತಿ ಸಿಕ್ಕಿಸುವ ಬಿಲ್ಲೆ ಬಡಿದು ಚಹಾ ಕೂಡ ಕುಡಿಯದೆ ಹೋಗಿದ್ದ. ಉಳಿದದ್ದನ್ನು ಮುದುಕನೇ ಮಾಡಿದ. ತಂತಿಯ ಮುಳ್ಳನ್ನು ಬಿಲ್ಲೆಗೆ ಒತ್ತಿ, ರಿಸೀವರ್ ಎತ್ತಿ ಕಿವಿಗಿಟ್ಟ. ಒಂದೇ ಸಮನೆ ಗುಂಯ್ ಎನ್ನುವ ಸದ್ದು ಬಂತು, ತಲೆಯಾಡಿಸಿದ. ಅಷ್ಟರಲ್ಲಿ ಜಿಪರಾ ತಂತಿಯನ್ನು ಉಣ್ಣೆಗಂಬಳಿಯ ಅಡಿಗೆ ತೂರಿಸಹೊರಟಿದ್ದಳು.

"ಬೇಡ. ತುಳಿದೂ ತುಳಿದೂ ಒಳಗೇ ಹರಿದ್ರೆ ನಮಗೆ ಗೊತ್ತೂ ಆಗಲ್ಲ. ಗೋಡೆ ಬುಡಕ್ಕೆ ಮೊಳೆ ಹೊಡೀತೀನಿ. ಚಹಾ ನೀರು ಕಾಸೋ ಸಮೋವಾರನ್ನ ಆ ಕಡೆ ಸರಿಸು, ನೀರು ಸಿಡಿಯಬಾರದು. ಒದ್ದೆ ಕೈಲಿ ಮುಟ್ಟಬೇಡ. ಗುಡುಗೋವಾಗ ರಿಸೀವರ್ ಎತ್ತಲೇಬೇಡ, ಮಿಂಚು ತಂತಿ ಹಿಡ್ಕೊಂಡೇ ಒಳಗೆ ಬರತ್ತೆ. ಕರೆಂಟು ಹೋದ್ರೆ ಮಾತ್ರ ಚಿಂತೆಯಿಲ್ಲ. ಇದರ ಜೀವ ಇದರ ತಂತೀಲೇ ಇದೆ."

"ಮಾವ, ನಾನು ಮದುವೆಯಾಗಿ ಬಂದಾಗಲೂ ಯಾರೂ ಇಷ್ಟು ಕಟ್ಟಳೆ ಹೇಳಿರಲಿಲ್ಲ."

"ಇನ್ನೂ ಒಂದಿದೆ. ಕೂತ್ಕೋ. ಸೊನ್ನೆ ಮೂರು ತಿರುಗಿಸಿದೆ ಅಂತಿಟ್ಕೋ. ಆಂಬುಲೆನ್ಸಿನವಳು 'ಯಾರ ಮನೆ' ಅಂತಾಳೆ. ನೀನೇನು ಹೇಳ್ತೀಯ?"

ಜಿಪರಾಳ ಮುಖದ ನಗು ಆರಿತು.

ಆ ಹಳ್ಳಿಯಲ್ಲಿ ಮನೆಗಳಿಗೆ ಸಂಖ್ಯೆಯಿಲ್ಲ. ಯಜಮಾನನ ಹೆಸರೇ ವಿಳಾಸ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಅವನ ಹೆಸರಿನೊಳಗಿನ 'ಬಾಲ್ತ'ಕ್ಕೆ ಅವರ ನುಡಿಯಲ್ಲಿ ಕೊಡಲಿ ಎಂದರ್ಥವೆಂದು ಜಿಪರಾ ಹನ್ನೊಂದು ವರ್ಷದಿಂದ ಕೊಡಲಿಯನ್ನು ಕೂಡ 'ಕಡಿಯೋದು' ಎಂದೇ ಕರೆಯುತ್ತಿದ್ದಳು. ಹೋದ ಚಳಿಗಾಲ ಅತ್ತೆ ಎದೆ ಹಿಡಿದುಕೊಂಡು ಬಿದ್ದಾಗ ಗಂಡ, ಮಾವ ಇಬ್ಬರೂ ಬೆಟ್ಟದ ಕುರಿದೊಡ್ಡಿಯಲ್ಲಿದ್ದರು. ಅವಳು ಗಿರಣಿಗೆ ಓಡಿ, ಯಾರೂ ಇಲ್ಲದ ಕಚೇರಿಯೊಳಗೆ ನುಗ್ಗಿ ಫೋನು ಮಾಡಿದಳು. ಯಾರ ಮನೆ ಎಂದರೆ "ನಮ್ಮ ಮಾವಂದು" ಎಂದಳು. ಮತ್ತೆ ಕೇಳಿದರೆ "ಪಾಪ್ಲರ್ ಮರದ ಪಕ್ಕದ್ದು, ನೀಲಿ ಬಾಗಿಲು" ಎಂದಳು. ಪಾಪ್ಲರ್ ಇಲ್ಲದ ಮನೆ ಆ ಹಳ್ಳಿಯಲ್ಲಿಲ್ಲ, ಬಾಗಿಲುಗಳೆಲ್ಲ ನೀಲಿ. ಗಾಡಿ ಮೇಲಿನ ಕೇರಿಯನ್ನೆಲ್ಲ ಸುತ್ತಿ ಬರುವ ಹೊತ್ತಿಗೆ ಅತ್ತೆಯ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು.

"ನಿಮಗೆ ಗೊತ್ತಿತ್ತಾ?" ಎಂದಳು, ತಲೆಯೆತ್ತದೆ.

"ನಲವತ್ತನೇ ದಿನದ ಊಟಕ್ಕೆ ಬಂದಾಗ ಆಂಬುಲೆನ್ಸಿನ ಡ್ರೈವರು ಹೇಳಿದ." ಬಾಲ್ತಬಾಯ್ ಕೊನೆಯ ಮೊಳೆ ಹೊಡೆದು ಸುತ್ತಿಗೆ ಕೆಳಗಿಟ್ಟ. "ಆಯಸ್ಸು ಅಲ್ಲಾಹನ ಕೈಲಿದೆ ಮಗಳೇ. ಅದನ್ನ ನಿನ್ನ ತಲೆಗೆ ಕಟ್ಟೋನಲ್ಲ ನಾನು. ಆದ್ರೆ ಹೆಸರು ನಮ್ಮ ಕೈಲಿದೆ. ನಾಳೆ ನಾನು ಬೀಳಬಹುದು, ನಿನ್ನ ಕೂಸು ಬೀಳಬಹುದು. ಹೇಳು."

ಅವಳು ಬಾಯಿ ತೆರೆದಳು. ಕೈ ತಾನಾಗಿಯೇ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿತು. "ಪಾಪ ತಟ್ಟತ್ತೆ ಮಾವ."

"ಮುಲ್ಲಾನ್ನ ಕೇಳಿಯೇ ಬಂದಿದೀನಿ. ಕುರಾನಿನಲ್ಲಿ ಎಲ್ಲೂ ಇಲ್ಲವಂತೆ. ಇದು ಅಜ್ಜಿಯರು ಮಾಡಿದ ಕಾನೂನು."

"ಅಜ್ಜಿಯರಿಗೆ ಗೊತ್ತಾದ್ರೆ?"

"ಅವರ ಹತ್ರ ಫೋನಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಹೆಸರು ಮಾತ್ರ ಬರಲಿಲ್ಲ. "ನಿಮ್ಮ ಎದುರಿಗೆ ಆಗಲ್ಲ," ಎಂದಳು.

"ಸರಿ. ಲೈನು ಪರೀಕ್ಷೆ ಮಾಡೋಕೆ ಎಕ್ಸ್‌ಚೇಂಜಿನವಳು ಮಧ್ಯಾಹ್ನದ ನಮಾಜಿಗೆ ಮುಂಚೆ ಫೋನು ಮಾಡ್ತಾಳಂತೆ. ಅವಳೂ ಅದನ್ನೇ ಕೇಳೋದು. ನಾನು ಹೊರಗೆ ಸೌದೆ ಒಡೀತಿರ್ತೀನಿ. ಫೋನು ಎಷ್ಟು ಹೊತ್ತು ಬಡ್ಕೊಂಡ್ರೂ ಒಳಗೆ ಬರಲ್ಲ."

ಹೊರಗೆ ಹೋಗಿ, ಬಿಳಿ ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಕೆಲಸಕ್ಕೆ ನಿಂತ.

ಫೋನು ಬಡಿದುಕೊಂಡಾಗ ಅವನ ಮುಂದೆ ಮೂರನೆಯ ಕೊರಡಿತ್ತು. ನಾಲ್ಕು ಸಲ ಬಡಿಯಿತು. ಐದು. ಅವನ ಕಾಲು ಬಾಗಿಲ ಕಡೆ ತಿರುಗಿತು. ಕೊಡಲಿಯನ್ನು ನೆಲಕ್ಕೂರಿ ತನ್ನನ್ನು ತಾನೇ ತಡೆದುಕೊಂಡ. ಏಳನೆಯದು ಅರ್ಧಕ್ಕೆ ನಿಂತಿತು.

"ಹಾಂ... ಕೇಳಿಸ್ತಿದೆ... ನಮ್ಮ ಮಾ—"

ಆ ಕಡೆಯವಳು ಇನ್ನೊಮ್ಮೆ ಕೇಳಿರಬೇಕು. ಪಾಪ್ಲರಿನ ಒಣಗಿದ ಎಲೆಯೊಂದು ಬಂದು ಕೊರಡಿನ ಮೇಲೆ ಕೂತಿತು.

"ಬಾಲ್ತಬಾಯ್," ಎಂದಿತು ಒಳಗಿನಿಂದ ಹೆಣ್ಣುದನಿ. ಮತ್ತೆ, ಟೋಪಿಯನ್ನೂ ದಾಟಿ ಇಡೀ ಬೀದಿಗೆ ಕೇಳುವಂತೆ: "ಬಾಲ್ತಬಾಯ್."

ನಲವತ್ತೆರಡು ವರ್ಷ ಜೊತೆಗಿದ್ದ ಹೆಂಡತಿಯೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. ಆ ಬಾಗಿಲಿನಿಂದ ಆ ಹೆಸರನ್ನು ಕೊನೆಯ ಸಲ ಕೂಗಿದವಳು ಅವನ ತಾಯಿ. ಮುದುಕ ಕೊಡಲಿಯನ್ನು ಅಲ್ಲೇ ಬಿಟ್ಟು, ಟೋಪಿ ತೆಗೆದು, ಬಾಗಿಲ ಕಡೆ ನೋಡಿ, "ಬಂದೆ," ಎಂದ.