ಬೀರುವಿನ ನೆತ್ತಿ

ದಿನಾ ನಾಲ್ಕಕ್ಕೆ ಊರಿನ ಭಾರವೆಲ್ಲ ಹತ್ತು ನಿಮಿಷ ಮಾಯವಾಗಿ, ಕಟ್ಟಿಡದ್ದೆಲ್ಲ ಗಾಳಿಯಲ್ಲಿ ತೇಲುತ್ತಿತ್ತು. ಅದಕ್ಕೂ ಮೊದಲೇ ಪಾರವ್ವ ಹಾಲಿನ ಪಾತ್ರೆಗೆ ಮುಚ್ಚಳ ಬಿಗಿದು, ಹಿಂಗಾಲು ಸೋತ ಮುದಿ ನಾಯಿ ಡುಮ್ಮನನ್ನು ಮಂಚಕ್ಕೆ ಕಟ್ಟುತ್ತಿದ್ದಳು. ಇವತ್ತು ಮಾತ್ರ ಹಗ್ಗವನ್ನು ಉದ್ದಕ್ಕೆ ಬಿಟ್ಟಳು.

"ತುದಿ ನನ್ನ ಕೈಯಾಗೈತಿ. ಹೋಗಿ ಬಾರಪಾ."

ಡುಮ್ಮ ಮುಂಗಾಲಿನಿಂದ ನೆಲ ಒತ್ತಿದ. ನೆಲವೇ ಕೆಳಗಿಳಿಯಿತು! ಕಿಟಕಿಯ ಎತ್ತರ ದಾಟಿ, ಗೋಡೆಯ ಗಡಿಯಾರ ದಾಟಿ, ಹುಟ್ಟಿದಾಗಿನಿಂದ ತಲೆಯೆತ್ತಿ ಬೊಗಳಿದ್ದ ಬೀರುವಿನ ನೆತ್ತಿಗೇ ಬಂದುಬಿಟ್ಟ.

ಅಲ್ಲಿ ಬೆಕ್ಕು ಮಿಂಚಿ ಉಗುರೂರಿ ಕೂತಿತ್ತು. ಅದರ ಹೊಟ್ಟೆಯಡಿ, ತೇಲಿಹೋಗದ ಹಾಗೆ ಅದುಮಿಟ್ಟ ಬಟ್ಟೆಚೆಂಡು. ಮರಿಯಾಗಿದ್ದಾಗ ಡುಮ್ಮ ಕಳೆದುಕೊಂಡು ಮನೆಯೆಲ್ಲ ಹುಡುಕಿದ್ದ ಚೆಂಡು. ಇಷ್ಟು ವರ್ಷ, ದಿನಾ ನಾಲ್ಕಕ್ಕೆ, ಮಿಂಚಿ ಇದನ್ನೇ ಕಾಯ್ದಿಟ್ಟುಕೊಂಡು ಕೂತಿತ್ತೇ?

ಮಿಂಚಿ ಮೆಲ್ಲಗೆ ಮೇಲೆದ್ದಿತು. ಚೆಂಡು ತೇಲಿ ಬಂದು ಡುಮ್ಮನ ಮೂಗಿಗೆ ತಾಗಿತು.

ಮೂರು ವರ್ಷದಿಂದ ಸತ್ತಂತಿದ್ದ ಬಾಲ ಅಲ್ಲಾಡಿತು.