ಹದಿನಾಲ್ಕು ಸೆಕೆಂಡ್ ಕ್ರಾಸ್

ಸರ್ವಮಂಗಳಾ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಎದುರಿನ ಲ್ಯಾಪ್‌ಟಾಪಿನ ವಿಡಿಯೊ ಕರೆಯಲ್ಲಿ ಊರಿನ ಆರು ಜನ ತಂತಮ್ಮ ಮನೆಗಳಲ್ಲೇ ಕೂತು ಊರಿನ ನಕ್ಷೆಗೆ ಕೋಡ್ ಬರೆಯುತ್ತಿದ್ದರು. ನಕ್ಷೆಯಲ್ಲಿ ಗೆರೆ ಸರಿದರೆ ನೆಲದ ಮೇಲೆ ರಸ್ತೆಯೂ ಸರಿಯುತ್ತಿದ್ದ ಕಾಲವದು. ಆ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ತಿಂಗಳಿಗೊಮ್ಮೆ ಇವರನ್ನೆಲ್ಲ ಸೇರಿಸಿ ಕೆಲಸ ಹಂಚುವುದು, ಎಂಟನೇ ತರಗತಿಗೇ ಶಾಲೆ ಬಿಟ್ಟ ಸರ್ವಮಂಗಳಾಳ ಪಾಲಿಗೆ ಬಂದಿತ್ತು. ಒಂದೇ ರಸ್ತೆ ಎರಡು ಸಲ ದಾಖಲಾಗಿದ್ದರೆ ಒಂದನ್ನು ತೆಗೆಯಿರಿ ಎಂದು ಬೆಳಿಗ್ಗೆ ಬರೆದಿದ್ದಳು.

"ಮಂಗಳಕ್ಕ, ಮುಗೀತು!" ಎಂದ ಆರು ಜನರಲ್ಲೊಬ್ಬನಾದ ಇಲಿಯಾಸ್. "ಸೆಕೆಂಡ್ ಕ್ರಾಸ್ ಅಂತ ಹದಿನಾಲ್ಕಿದ್ವು ನೋಡಿ. ಒಂದನ್ನ ಇಟ್ಕೊಂಡು ಮಿಕ್ಕಿದ್ದೆಲ್ಲ ತೆಗೆದ್ಬಿಟ್ಟೆ."

"ಅಯ್ಯೋ ಪುಣ್ಯಾತ್ಮ, ಬಡಾವಣೆಗೊಂದು ಸೆಕೆಂಡ್ ಕ್ರಾಸ್ ಇರುತ್ತಲ್ಲೋ!" ಎಂದು ಪರದೆಯ ಇನ್ನೊಂದು ಚೌಕದಿಂದ ಪದ್ಮಿನಿ ಕಿರುಚಿದಳು.

ಸರ್ವಮಂಗಳಾ ಬಾಗಿಲು ತೆರೆದಳು. ರಸ್ತೆ ಇರಲಿಲ್ಲ. ಫಸ್ಟ್ ಕ್ರಾಸಿನವರ ಹಿತ್ತಿಲು ಹೊಸ್ತಿಲಿಗೇ ಅಂಟಿಕೊಂಡಿತ್ತು. ಅವರ ಎಮ್ಮೆ ಒಳಗೆ ಇಣುಕಿ, ಮೊರದತ್ತ ಕತ್ತು ಚಾಚಿತು. ಅಷ್ಟರಲ್ಲಿ ಅಮ್ಮನ ಫೋನು.

"ಲೇ ಮಂಗಳಾ, ತರಕಾರಿ ಚೀಲ ಹೊತ್ಕೊಂಡು ಮೂರು ಸುತ್ತು ಹಾಕ್ದೆ ಕಣೇ. ಫಸ್ಟ್ ಕ್ರಾಸ್ ಆದ್ಮೇಲೆ ಥರ್ಡೇ ಬರ್ತಿದೆ. ಮಂಡಿ ನೋವು ತಡೆಯಕ್ಕಾಗ್ತಿಲ್ಲ. ಮನೆ ಎಲ್ಲಿಟ್ರೇ?"

ಸರ್ವಮಂಗಳಾ ಎಮ್ಮೆಯನ್ನು ತಳ್ಳಿ ಪರದೆಯ ಮುಂದೆ ಓಡಿಬಂದಳು. ಆರು ಕುರ್ಚಿಗಳೂ ಖಾಲಿ. ಎಲ್ಲರೂ ತಮ್ಮ ತಮ್ಮ ರಸ್ತೆ ಇದೆಯೇ ಎಂದು ನೋಡಲು ಬಾಗಿಲಿಗೆ ಹೋಗಿದ್ದರು.

ಅವಳು ಮೈಕ್ ಆನ್ ಮಾಡಿ, ಬಾಗಿಲಿಗೆ ಹೋದವನಿಗೂ ಕೇಳುವಂತೆ ಕೂಗಿದಳು.

"ಇಲಿಯಾಸ್, ನಮ್ಮ ರಸ್ತೆ ವಾಪಸ್ ಹಾಕಪ್ಪ. ಅಮ್ಮ ಮನೆಗೆ ಬರ್ಬೇಕು."